ಮಾವನವರ ನರಹುಲಿ

ನಮ್ಮ ಬೀದಿಯಲ್ಲಿ ಚೆಂದವಿಲ್ಲದವರು ಯಾರೂ ಇಲ್ಲ. ನಂಬಿಕೆ ಬಾರದಿದ್ದರೆ ನಮ್ಮ ಗುರುತಿನ ಚೀಟಿಗಳನ್ನು ತೆಗೆದು ನೋಡಿ. ಒಬ್ಬೊಬ್ಬರೂ ಈಗಷ್ಟೇ ಹಾಲಿನಲ್ಲಿ ಮುಖ ತೊಳೆದು ಬಂದವರ ಹಾಗಿದ್ದೇವೆ. ನನ್ನ ಚೀಟಿಯಲ್ಲಿರುವ ಮನುಷ್ಯನನ್ನು ಕಂಡರೆ ನನಗೇ ಗೌರವ ಬರುತ್ತದೆ. ಆತನ ತಲೆಯಲ್ಲಿ ಕೂದಲಿದೆ, ಗಲ್ಲ ಒಂದೇ ಇದೆ. ಇದಕ್ಕೆಲ್ಲ ಕಾರಣ ಬೀದಿಯ ತಿರುವಿನಲ್ಲಿರುವ ಫೋಟೋ ಸ್ಟುಡಿಯೋ, ಮತ್ತು ಅದರ ಮಾಲೀಕರಾದ ನಮ್ಮ ಟಚಿಂಗ್ ಮೇಷ್ಟ್ರು.

ಮೇಷ್ಟ್ರಿಗೆ ಫೋಟೋ ತೆಗೆಯುವುದು ಒಂದು ನೆಪ ಮಾತ್ರ. ಸ್ಟೂಲಿನ ಮೇಲೆ ಕೂರಿಸಿ, "ಗಲ್ಲ ಸ್ವಲ್ಪ ಮೇಲೆ, ಉಸಿರು ಬಿಗಿ ಹಿಡೀರಿ" ಎಂದು ಒಮ್ಮೆ ಕ್ಲಿಕ್ ಎನ್ನಿಸಿದರೆ ಅಲ್ಲಿಗೆ ನಮ್ಮ ಪಾತ್ರ ಮುಗಿಯಿತು. ಆಮೇಲೆ ಅವರು ಪರದೆಯ ಹಿಂದೆ ಹೋಗಿ ಕಂಪ್ಯೂಟರ್ ಮುಂದೆ ಕೂರುತ್ತಾರೆ. ಮಚ್ಚೆ ಮಾಯ, ಸುಕ್ಕು ಮಾಯ, ಉಬ್ಬುಹಲ್ಲು ಒಳಗೆ, ಗುಳಿಬಿದ್ದ ಕೆನ್ನೆ ಹೊರಗೆ. "ದೇವರು ಅವಸರದಲ್ಲಿ ಮಾಡಿರ್ತಾನೆ, ನಾನು ನಿಧಾನವಾಗಿ ತಿದ್ದುತೀನಿ" ಎಂಬುದು ಅವರ ಸಿದ್ಧಾಂತ. ತಿದ್ದಿದ ಮೇಲೆ ಮೂಲ ಫೋಟೋವನ್ನು ಅಳಿಸಿಬಿಡುತ್ತಾರೆ. "ಮನೆ ಗುಡಿಸಿದ ಮೇಲೆ ಕಸ ಯಾರಾದ್ರೂ ಎತ್ತಿಡ್ತಾರಾ?" ಎಂದು ಕೇಳುತ್ತಾರೆ. ಆ ಕಸ ಎಂದರೆ ನಾವೇ ಎಂಬುದು ನಮಗೂ ಹೊಳೆಯದೆ, ತಲೆಯಾಡಿಸಿ ಬರುತ್ತಿದ್ದೆವು.

ಇಂಥ ಮೇಷ್ಟ್ರ ಮನೆಯಲ್ಲೇ ಅವರ ಸಿದ್ಧಾಂತಕ್ಕೆ ಸವಾಲೆಸೆಯುವ ಒಂದು ಮುಖವಿತ್ತು. ಅದು ಅವರ ಮಾವನವರದು, ಅಂದರೆ ಹೆಂಡತಿಯ ತಂದೆಯದು. ನಿವೃತ್ತ ಬಸ್ ಕಂಡಕ್ಟರ್. ತಲೆ ಪೂರ್ತಿ ಬೋಳು, ಕಳೆದುಕೊಂಡ ಕೂದಲೆಲ್ಲ ಕಿವಿಯೊಳಗೆ ಬಂದು ನೆಲೆಸಿತ್ತು. ಮೂಗಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ದೊಡ್ಡ ನರಹುಲಿ. ಒಂದು ಕಣ್ಣು ನಿಮ್ಮನ್ನು ನೋಡಿದರೆ ಇನ್ನೊಂದು ನಿಮ್ಮ ಹಿಂದೆ ಟಿಕೆಟ್ ತೆಗೆಯದೆ ಕೂತವನನ್ನು ನೋಡುತ್ತಿತ್ತು. ಮೇಲುಗಡೆ ಮುಂದಿನ ಎರಡು ಹಲ್ಲು ಇರಲಿಲ್ಲ. ಜೇಬಿನಲ್ಲಿ ಹಳೆಯ ಸೀಟಿ ಇನ್ನೂ ಇತ್ತು. ಹಾಲಿನ ಅಂಗಡಿಯ ಮುಂದೆ ಜನ ಗುಂಪು ಕಟ್ಟಿದರೆ ಅಜ್ಜ ಸೀಟಿ ಊದಿ, "ಒಬ್ಬೊಬ್ಬರಾಗಿ ಬನ್ನಿ, ಮುಂದೆ ಹೋಗಿ, ಮುಂದೆ ಹೋಗಿ" ಎಂದು ಸಾಲು ಮಾಡಿಸುತ್ತಿದ್ದರು. ಅವರು ಊದಿದರೆ ನಾವು ನಿಲ್ಲುತ್ತಿದ್ದೆವು. ಯಾಕೆ ಎಂದು ಕೇಳುವ ಧೈರ್ಯ ನಮಗೆ ಯಾರಿಗೂ ಬಂದಿಲ್ಲ.

ವರ್ಷಕ್ಕೊಮ್ಮೆ ಅಜ್ಜ ಪಿಂಚಣಿ ಕಚೇರಿಗೆ ಹೋಗಿ ತಾವಿನ್ನೂ ಬದುಕಿದ್ದೇವೆ ಎಂದು ತೋರಿಸಿ ಬರಬೇಕು. ಸರ್ಕಾರಕ್ಕೆ ಇಂಥ ವಿಷಯದಲ್ಲಿ ಬಾಯಿಮಾತು ಸಾಲದು, ಹೊಸ ಫೋಟೋ ಬೇಕು. ಅಳಿಯ ಫೋಟೋ ತೆಗೆದರು, ಸಹಜವಾಗಿ ಟಚಿಂಗನ್ನೂ ಮಾಡಿದರು. ಮನೆಯವರದು ಎಂದು ಸ್ವಲ್ಪ ಹೆಚ್ಚೇ ಶ್ರಮ ವಹಿಸಿದರು.

ಕಚೇರಿಯ ಗುಮಾಸ್ತರು ಫೋಟೋ ನೋಡಿದರು, ಅಜ್ಜನನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ಸರಿ, ಇವರೆಲ್ಲಿ?"

"ಇಲ್ಲೇ ಇದೀನಲ್ಲ, ನಾನೇ."

"ನೀವು ಅವರ ತಂದೆನಾ?"

"ಅಲ್ರೀ, ನಾನೇ ಅವನು!"

"ನೋಡಿ ಯಜಮಾನ್ರೇ," ಎಂದರು ಗುಮಾಸ್ತರು ಮೃದುವಾಗಿ, "ಅವರು ಬದುಕಿದಾರೆ ಅಂತ ಅವರೇ ಬಂದು ತೋರಿಸ್ಬೇಕು. ಅಪ್ಪನನ್ನ ಕಳಿಸಿದ್ರೆ ನಡೆಯಲ್ಲ. ಈ ವಯಸ್ಸಲ್ಲಿ ನಿಮ್ಮನ್ನ ಓಡಾಡಿಸ್ತಾರಲ್ಲ, ಎಂಥ ಮಗ!"

ಅಜ್ಜ ನೇರವಾಗಿ ಸ್ಟುಡಿಯೋಗೆ ಬಂದರು. ಆಗ ಅಲ್ಲಿ ಒಂದು ಮದುವೆ ಹೆಣ್ಣು, ಹೆಣ್ಣಿನ ಕಡೆಯವರು ಮತ್ತು ನಾನು ಇದ್ದೆವು. ಅಜ್ಜ ಫೋಟೋವನ್ನು ಮೇಜಿನ ಮೇಲೆ ಕುಕ್ಕಿ, "ನನ್ನ ಫೋಟೋ ಕೊಡು ಅಂದ್ರೆ ಯಾರದೋ ಕೊಟ್ಟಿದೀಯಲ್ಲಪ್ಪ. ನನ್ನ ಮುಖ ಎಲ್ಲಿ?" ಎಂದು ಕೇಳಿದರು.

ಗಿರಾಕಿಗಳ ಮುಂದೆ ಕಸುಬಿನ ಮಾನ ಹೋಗುತ್ತಿದೆ ಎಂದು ಮೇಷ್ಟ್ರಿಗೆ ರೇಗಿತು. "ಮಾವ, ನಿಮ್ಮ ಮುಖ ಇದ್ದ ಹಾಗೇ ತೆಗೆದು ಹೊರಗೆ ಕೊಟ್ರೆ ನನ್ನ ಸ್ಟುಡಿಯೋಗೆ ನಾಳೆಯಿಂದ ಯಾರು ಬರ್ತಾರೆ ಹೇಳಿ?"

ಮದುವೆ ಹೆಣ್ಣಿನ ಕಡೆಯವರು ನಕ್ಕರು. ಸತ್ಯ ಹೇಳುವುದಾದರೆ ನಾನೂ ನಕ್ಕೆ. ಅಜ್ಜ ನಗಲಿಲ್ಲ. ಕನ್ನಡಕ ತೆಗೆದು ಆ ಫೋಟೋದ ಮೇಲೆ ಇಟ್ಟರು. ಇದೂ ಇನ್ನು ಆ ಫೋಟೋದವನದೇ ಎನ್ನುವ ಹಾಗೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಊಟದ ಹೊತ್ತಿಗೆ ಬರಲಿಲ್ಲ, ದೀಪ ಹಚ್ಚುವ ಹೊತ್ತಿಗೂ ಬರಲಿಲ್ಲ. ಮಗಳು ಬಸ್ ಡಿಪೋಗೆ ಓಡಿಹೋಗಿ ಬಂದಳು, ಅಲ್ಲಿಗೂ ಹೋಗಿರಲಿಲ್ಲ. ರಾತ್ರಿಯೆಲ್ಲ ಮನೆಯ ಬಾಗಿಲು ತೆರೆದೇ ಇತ್ತು.

ಬೆಳಗ್ಗೆ ಠಾಣೆಗೆ ಹೋಗಬೇಕೆಂದು ಗಂಡಹೆಂಡಿರು ಹೊರಡುವಷ್ಟರಲ್ಲಿ ಠಾಣೆಯೇ ಸ್ಟುಡಿಯೋಗೆ ಬಂತು. ಇನ್‌ಸ್ಪೆಕ್ಟರ್ ಸಾಹೇಬರು ಬಡ್ತಿಯ ಅರ್ಜಿಗೆಂದು ಫೋಟೋ ತೆಗೆಸಿದ್ದರು, ಅದನ್ನು ಒಯ್ಯಲು ಬಂದಿದ್ದರು. ಫೋಟೋದಲ್ಲಿ ಅವರ ಹೊಟ್ಟೆ ಇರಲಿಲ್ಲ. ಅದನ್ನು ಕಂಡು ಅವರು ಬಹಳ ಒಳ್ಳೆಯ ಮನಸ್ಥಿತಿಯಲ್ಲಿದ್ದರು. ಮಾವ ಕಾಣೆಯಾದ ವಿಷಯವನ್ನು ಮೇಷ್ಟ್ರು ಅಲ್ಲೇ ಹೇಳಿದರು.

"ನೀವು ಠಾಣೆಗೆ ಬರೋದೇ ಬೇಡ ಮೇಷ್ಟ್ರೇ. ಮೇಡಂ ಅವರಂತೂ ಆ ಮೆಟ್ಟಿಲು ಹತ್ತೋದೇ ಬೇಡ. ನಾನಿದ್ದ ಕಡೆ ಠಾಣೆ. ಹೇಳಿ, ಇಲ್ಲಿಂದ ಹೊರಟೋರು ಎಡಕ್ಕೆ ತಿರುಗಿದ್ರಾ, ಬಲಕ್ಕಾ?"

"ಯಾಕೆ ಸಾರ್?"

"ಎಡಕ್ಕಾದ್ರೆ ನಮ್ಮ ಠಾಣೆ. ಬಲಕ್ಕಾದ್ರೆ ಆ ಕಡೆಯವರದು. ನಾವು ಹುಡುಕಿದ್ರೆ ಅವರಿಗೆ ಕೋಪ ಬರತ್ತೆ."

"ಸಿಟ್ಟಲ್ಲಿ ಹೋದೋರು ಎಡ ಬಲ ನೋಡ್ತಾರಾ ಸಾರ್?" ಎಂದಳು ಮಗಳು. ಅವಳ ಕಣ್ಣು ಅತ್ತು ಊದಿತ್ತು.

"ಹೋಗ್ಲಿ, ಎಡಕ್ಕೇ ಅಂತ ಬರ್ಕೊಳ್ತೀನಿ, ನಮ್ಮೋರು ನೀವು. ಸಾಮಾನ್ಯವಾಗಿ ನಾವು ಒಂದೆರಡು ದಿನ ಕಾಯಿರಿ ಅಂತೀವಿ. ವಯಸ್ಸಾದೋರು ಹಸಿವಾದ್ರೆ ಬರ್ತಾರೆ. ಆದ್ರೆ ಈಗ ಮೇಲಿನ ಕಚೇರಿಯಿಂದ ಆದೇಶ ಬಂದಿದೆ. ಕಾಣೆಯಾದೋರ ಕೇಸು ತಿಂಗಳ ಕೊನೇಲಿ ಒಂದೂ ಉಳೀಬಾರದಂತೆ. ಉಳಿದ್ರೆ ನನ್ನ ಬಡ್ತಿ ಕಾಣೆಯಾಗತ್ತೆ. ಎಲ್ಲಿ, ಅವರು ನೋಡೋಕೆ ಹೇಗಿದಾರೆ?"

ಮಗಳು ಬಾಯಿ ತೆರೆದಳು. "ಸಾರ್, ನಮ್ಮಪ್ಪನ ಮೂಗಿನ ಪಕ್ಕ ಒಂದು..."

"ಸುಮ್ನಿರೇ!" ಎಂದರು ಮೇಷ್ಟ್ರು. ನರಹುಲಿ ಇದೆ ಎಂದರೆ ಫೋಟೋದಲ್ಲಿ ಅದು ಯಾಕಿಲ್ಲ ಎಂದು ಸಾಹೇಬರು ಕೇಳುತ್ತಾರೆ. ಆಮೇಲೆ ತಮ್ಮ ಹೊಟ್ಟೆ ಎಲ್ಲಿಗೆ ಹೋಯಿತು ಎಂದೂ ಯೋಚಿಸುತ್ತಾರೆ. ಒಂದು ನರಹುಲಿಯ ಹಿಂದೆ ಇಡೀ ಕಸುಬೇ ಹೊರಬೀಳುವ ಅಪಾಯ. "ಫೋಟೋ ಇರುವಾಗ ಬಾಯಿಮಾತು ಯಾಕೆ ಸಾರ್? ಒಂದು ಗಳಿಗೆ ಕೂತ್ಕೊಳ್ಳಿ, ದೊಡ್ಡದು ಮಾಡಿ ಕೊಡ್ತೀನಿ."

"ಅದೇ ಸರಿ. ಬಾಯಿಮಾತಿಂದ ತನಿಖೆ ದಾರಿ ತಪ್ಪತ್ತೆ," ಎಂದು ಸಾಹೇಬರು ಕೂತರು.

ಮೇಷ್ಟ್ರು ಪರದೆಯ ಹಿಂದೆ ಹೋದರು. ಊರೆಲ್ಲ ನೋಡುವ ಫೋಟೋ, ಕೆಳಗೆ ತಮ್ಮ ಸ್ಟುಡಿಯೋ ಹೆಸರು ಬೇರೆ ಬೀಳುತ್ತದೆ. ಇದ್ದ ಟಚಿಂಗ್ ಮೇಲೆ ಇನ್ನೊಂದು ಟಚಿಂಗ್ ಶುರುವಾಯಿತು. ಕನ್ನಡಕ ತೆಗೆದರು. ಮೆಳ್ಳೆಗಣ್ಣನ್ನು ನೇರ ಮಾಡಿದರು. ಮೊದಲ ಸಲ ಸಂಕೋಚದಿಂದ ಬಿಟ್ಟಿದ್ದ ಬೋಳಿನ ಮೇಲೆ ಧಾರಾಳವಾಗಿ ಕೂದಲು ನೆಟ್ಟರು. ಹಲ್ಲು ತುಂಬಿಸಿದರು. ಕೊನೆಗೆ ಕೋಟು ತೊಡಿಸಿ ಟೈ ಕಟ್ಟಿದರು. ಹೊರಬಂದ ಫೋಟೋವನ್ನು ಕಂಡು ಸಾಹೇಬರು ಎದ್ದೇ ನಿಂತರು.

"ಛೆ, ಇಂಥವರು ಕಾಣೆಯಾದ್ರೆ ಊರಿಗೇ ನಷ್ಟ!"

ಸಂಜೆಯೊಳಗೆ ಅದು ಊರಿನ ಗೋಡೆಗಳ ಮೇಲೆಲ್ಲ ಬಂತು. 'ಕಾಣೆಯಾಗಿದ್ದಾರೆ' ಎಂಬ ದಪ್ಪ ಅಕ್ಷರ, ಕೆಳಗೆ ಆ ದಿವ್ಯ ಮುಖ. ಆ ಗೋಡೆಯ ಮುಂದೆ ಹೋಗುವ ಹೆಂಗಸರು ಒಂದು ಕ್ಷಣ ನಿಂತು ಹೋಗುತ್ತಿದ್ದರು. ನಮ್ಮ ಬೀದಿಯವರೂ ನೋಡಿದೆವು. ಮೇಷ್ಟ್ರ ಮನೆಗೆ ಯಾರೋ ದೊಡ್ಡ ಅಧಿಕಾರಿ ನೆಂಟರು ಬಂದು ಕಳೆದುಹೋಗಿದ್ದಾರೆ ಎಂದೇ ಎದುರು ಮನೆಯಾಕೆ ಸಂತಾಪ ಸೂಚಿಸಿ ಬಂದಳು.

ಇನ್ನು ಅಜ್ಜ ಎಲ್ಲಿದ್ದರು ಎಂದು ನಿಮ್ಮನ್ನು ಕಾಯಿಸುವುದಿಲ್ಲ. ಅವರು ಠಾಣೆಯಲ್ಲಿದ್ದರು.

ಸ್ಟುಡಿಯೋದಿಂದ ಹೊರಟವರು ಸೀದಾ ಅಲ್ಲಿಗೇ ಹೋಗಿದ್ದರು. ಸಾಹೇಬರನ್ನು ನೋಡಬೇಕು ಎಂದಾಗ ಬಾಗಿಲಲ್ಲಿದ್ದ ಪೇದೆ ತಲೆ ಎತ್ತದೆ, "ಸಾಹೇಬ್ರು ಹೊರಗೆ ಹೋಗಿದಾರೆ, ಬೆಂಚ್ ಮೇಲೆ ಕೂತಿರಿ" ಎಂದಿದ್ದ. ಅಜ್ಜ ಕೂತರು. ಮರುದಿನ ಬೆಳಗ್ಗೆಯಿಂದ ಸಾಹೇಬರು ಒಂದು ಗಳಿಗೆಯೂ ಠಾಣೆಯಲ್ಲಿ ನಿಲ್ಲಲಿಲ್ಲ, ಅಜ್ಜನನ್ನು ಹುಡುಕಲು ಜೀಪಿನಲ್ಲಿ ಊರು ಸುತ್ತುತ್ತಿದ್ದರು. ಅಜ್ಜನ ಕಣ್ಣೆದುರಿಗೇ ದೂರು ಕೊಡಲು ಬಂದವರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಎಷ್ಟು ಹೊತ್ತು ಸಹಿಸಿಯಾರು? ಜೇಬಿನಿಂದ ಸೀಟಿ ತೆಗೆದು ಊದಿದರು. "ಕಳ್ಳತನದೋರು ಈ ಕಡೆ, ಹೊಡೆದಾಟದೋರು ಆ ಕಡೆ! ಮುಂದೆ ಹೋಗಿ, ಮುಂದೆ ಹೋಗಿ!" ಠಾಣೆ ಕಟ್ಟಿದಾಗಿನಿಂದ ಅಲ್ಲಿ ಸಾಲು ಎಂಬುದು ನಿಂತಿರಲಿಲ್ಲ. ಅವತ್ತು ನಿಂತಿತು.

ಅವರನ್ನು ಯಾರು ನೇಮಿಸಿದರು ಎಂದು ಯಾರೂ ಕೇಳಲಿಲ್ಲ. ಸಾಹೇಬರೇ ಇಟ್ಟಿರಬೇಕು ಎಂದು ಪೇದೆಗಳು ಅಂದುಕೊಂಡರು. ಜೀಪು ಹತ್ತುವಾಗ ಒಮ್ಮೆ ಕಣ್ಣಿಗೆ ಬಿದ್ದಾಗ, ಪೇದೆಗಳು ಯಾರನ್ನೋ ತಂದಿರಬೇಕು ಎಂದು ಸಾಹೇಬರು ಅಂದುಕೊಂಡರು. ಸರ್ಕಾರಿ ಕಟ್ಟಡದಲ್ಲಿ ಕೆಲಸ ಮಾಡುತ್ತಿರುವವನನ್ನು ನೀನು ಯಾರು ಎಂದು ಕೇಳುವುದು ಪದ್ಧತಿಯಲ್ಲ, ಸುಮ್ಮನೆ ನಿಂತವನನ್ನು ಮಾತ್ರ ಕೇಳುತ್ತಾರೆ. ಎಲ್ಲರ ಬಾಯಲ್ಲೂ ಅವರು 'ಲೈನಜ್ಜ' ಆದರು. ರಾತ್ರಿ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಮಾಡಿದರು. ಜೀವಮಾನವೆಲ್ಲ ಬಸ್ಸಿನಲ್ಲೇ ನೈಟ್ ಹಾಲ್ಟ್ ಮಾಡಿದವರಿಗೆ ಅದೇನು ಕಷ್ಟವಲ್ಲ. ಪೇದೆ ತನ್ನ ಊಟದ ಡಬ್ಬಿಯಲ್ಲಿ ಪಾಲು ಕೊಟ್ಟ.

ಅದೇ ಪೇದೆ ಒಂದು ಪೋಸ್ಟರನ್ನು ತಂದು ಬೆಂಚಿನ ಮೇಲ್ಗಡೆ, ಸರಿಯಾಗಿ ಅಜ್ಜನ ತಲೆಯ ಮೇಲಿನ ಫಲಕಕ್ಕೆ ಅಂಟಿಸಿದ.

"ಅಜ್ಜ, ಇಲ್ಲಿ ದಿನಕ್ಕೆ ನೂರಾರು ಮುಖ ನೋಡ್ತೀರಲ್ಲ, ಈ ಮನುಷ್ಯ ಏನಾದ್ರೂ ಕಣ್ಣಿಗೆ ಬಿದ್ನಾ?"

ಕನ್ನಡಕವಿಲ್ಲದ ಅಜ್ಜ ಮುಖವನ್ನು ಪೋಸ್ಟರಿನ ಹತ್ತಿರಕ್ಕೆ ಒಯ್ದು ನೋಡಿದರು. ಅಕ್ಷರಗಳು ಅವರಿಗೆ ಬರೀ ಕಪ್ಪು ಇರುವೆಗಳಾಗಿ ಕಂಡವು. "ಇಲ್ಲಪ್ಪ. ನನ್ನ ಬಸ್ಸು ಹತ್ತಿದ್ರೆ ಒಂದ್ಸಲಕ್ಕೇ ನೆನಪಿರ್ತಿತ್ತು. ಹೆಣ್ಣು ನೋಡೋಕೆ ಹೊರಟವನ ಹಾಗಿದಾನೆ. ಪಾಪ, ಮನೆಯೋರು ಎಷ್ಟು ಅಳ್ತಿದಾರೋ." ಮತ್ತೆ ಬೆಂಚಿನ ಮೇಲೆ ಕೂರುತ್ತ, "ಇಂಥವರನ್ನಾದ್ರೆ ಹುಡುಕ್ತಾರೆ" ಎಂದರು. ಪೇದೆ ಅದನ್ನು ಕೇಳಿಸಿಕೊಳ್ಳಲಿಲ್ಲ.

ಅತ್ತ ತನಿಖೆ ಬಿರುಸಾಗಿ ನಡೆಯಿತು. ಪೋಸ್ಟರು ಅಂಟಿಸಿದ ಮಾರನೆಯ ದಿನ ಮಧ್ಯಾಹ್ನ ಮೇಷ್ಟ್ರ ಮನೆ ಮುಂದೆ ಜೀಪು ನಿಂತಿತು. ಸಾಹೇಬರು ಗೆದ್ದ ನಗೆ ನಗುತ್ತ ಇಳಿದರು. ಹಿಂದಿನಿಂದ ಇಬ್ಬರು ಪೇದೆಗಳು ಒಬ್ಬ ಸುಂದರಪುರುಷನ ರಟ್ಟೆ ಹಿಡಿದು ಇಳಿಸಿದರು. ದಟ್ಟ ಕೂದಲು, ಕೋಟು, ಟೈ, ಮುತ್ತಿನಂಥ ಹಲ್ಲು. ನಾವೆಲ್ಲ ಓಡಿಹೋಗಿ ನೋಡಿದರೆ, ಮುಖ್ಯರಸ್ತೆಯ ಹಲ್ಲಿನ ಡಾಕ್ಟರು!

"ಮೇಡಂ, ನಿಮ್ಮ ತಂದೆಯವರು! ಒಪ್ಪಿಸ್ಕೊಳ್ಳಿ!"

"ನಾನು ಇವರ ತಂದೆ ಅಲ್ಲ ಅಂತ ದಾರಿಯುದ್ದಕ್ಕೂ ಹೇಳ್ತಾ ಇದೀನಿ!" ಎಂದು ಡಾಕ್ಟರು ಕೂಗಿದರು. ಅವರ ಕೈಯಲ್ಲಿ ಇನ್ನೂ ಇಕ್ಕಳವಿತ್ತು. "ನನ್ನ ಕ್ಲಿನಿಕ್‌ನಲ್ಲಿ ಒಬ್ಬ ಪೇಷಂಟು ಬಾಯಿ ತೆರ್ಕೊಂಡು ಕೂತಿದಾನೆ! ಮುಚ್ಚು ಅಂತ ಹೇಳೋಕೂ ಬಿಡಲಿಲ್ಲ!"

"ಮನೆ ಬಿಟ್ಟು ಬಂದೋರೆಲ್ಲ ಮೊದಲು ಹೀಗೇ ಅಂತಾರೆ," ಎಂದರು ಸಾಹೇಬರು.

"ರೀ ಸಾಹೇಬ್ರೇ, ನಾನು ಆ ಅಜ್ಜನ ಹಲ್ಲು ಕಿತ್ತೋನು!"

"ಬರ್ಕೊಳ್ರೀ," ಎಂದು ಸಾಹೇಬರು ಪೇದೆಯ ಕಡೆ ತಿರುಗಿದರು. "ಕಾಣೆಯಾದವರ ಮೇಲೆ ಹಲ್ಲೆ. ಬಾಯಿಂದಲೇ ಒಪ್ಪಿಕೊಂಡ."

ಮಗಳು ಬಾಗಿಲಿಗೆ ಬಂದು, ಇವರು ನಮ್ಮಪ್ಪ ಅಲ್ಲ ಎಂದಳು. ಸಾಹೇಬರು ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ನೋಡಿ ಮೇಡಂ, ಫೋಟೋಗೆ ಹೋಲಿಸಿದ್ರೆ ಎಲ್ಲಾ ಸರಿಯಾಗಿದೆ. ತಿಂಗಳ ಕೊನೆ ಹತ್ತಿರ ಬಂತು. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಹಲ್ಲಿನ ಖರ್ಚೂ ಉಳಿಯತ್ತೆ."

"ಸಾರ್!"

"ಹೋಗ್ಲಿ ಬಿಡಿ. ನಿಮ್ಮ ಕಷ್ಟ ನನಗೆ ಗೊತ್ತಾಗತ್ತೆ. ಇದು ನಿಮ್ಮೊಬ್ಬರ ಮನೆ ಕಥೆ ಅಲ್ಲ. ನಮ್ಮ ಫಲಕದ ಮೇಲಿರೋ ಕಾಣೆಯಾದೋರೆಲ್ಲ ಒಂದೇ ಕುಟುಂಬದೋರು ಅನ್ನೋದು ನನ್ನ ತನಿಖೆ. ಎಲ್ಲರದೂ ಅದೇ ಮೂಗು, ಅದೇ ಕೆನ್ನೆ, ಅದೇ ಕೂದಲು. ಅಣ್ಣತಮ್ಮಂದಿರು, ಅಕ್ಕತಂಗಿಯರು ಒಬ್ಬರ ಹಿಂದೆ ಒಬ್ಬರು ಹೋಗ್ತಾ ಇದಾರೆ. ಮೇಲಿನ ಕಚೇರಿಗೂ ಹಾಗೇ ಬರೆದಿದೀನಿ."

"ಅವರಲ್ಲಿ ಯಾರಾದ್ರೂ ಸಿಕ್ಕಿದಾರಾ ಸಾರ್?"

"ಒಬ್ಬರೂ ಇಲ್ಲ ಮೇಡಂ. ನೋಡೋಕೆ ಇಷ್ಟು ಚೆನ್ನಾಗಿರೋರು ಎಲ್ಲಿಗೆ ಹೋಗಿ ಅಡಗ್ತಾರೋ, ದೇವರಿಗೇ ಗೊತ್ತು."

ಬಾಗಿಲ ಹಿಂದೆ ನಿಂತಿದ್ದ ಮೇಷ್ಟ್ರಿಗೆ ಈ ಮಾತು ಕೇಳಿಸಿತು. ಅವರ ಮುಖದ ಬಣ್ಣ ಇಳಿದುಹೋಯಿತು. ಊರಿನಲ್ಲಿ ಇರುವುದು ಒಂದೇ ಸ್ಟುಡಿಯೋ. ಆ ಮೂಗು, ಆ ಕೆನ್ನೆ, ಆ ಕೂದಲು ಯಾವ ಕುಟುಂಬದ್ದು ಎಂದು ಅವರೊಬ್ಬರಿಗೇ ಗೊತ್ತಿತ್ತು.

ಡಾಕ್ಟರನ್ನು ಬಿಟ್ಟು ಜೀಪು ಹೋಯಿತು. ಮನೆಯೊಳಗೆ ಮಗಳು ಒಂದು ಪೋಸ್ಟರನ್ನು ಕೈಯಲ್ಲಿ ಹಿಡಿದು ಗಂಡನ ಮುಂದೆ ನಿಂತಳು.

"ಇವರು ಯಾರ್ರೀ?"

"ಮಾವ..."

"ನಿಮ್ಮ ಮಾವ. ಇಟ್ಕೊಳ್ಳಿ. ನನಗೆ ನಮ್ಮಪ್ಪ ಬೇಕು. ಬೋಳುತಲೆ, ಮೆಳ್ಳೆಗಣ್ಣು, ಆ ನರಹುಲಿ, ಎಲ್ಲಾ ಸಮೇತ ಬೇಕು. ಅವರಿಗೆ ಕನ್ನಡಕ ಇಲ್ದೆ ರಸ್ತೆ ದಾಟೋಕೆ ಬರಲ್ಲ, ಗೊತ್ತಾ ನಿಮಗೆ? ಒರಿಜಿನಲ್ ಫೋಟೋ ಕೊಡಿ."

ಒರಿಜಿನಲ್ ಎಲ್ಲಿಂದ ಬರಬೇಕು? ಕಸ ಗುಡಿಸಿ ಆಗಿತ್ತು. ಮಗಳು ಮದುವೆಯ ಆಲ್ಬಮ್ ತೆಗೆದಳು, ಅದರಲ್ಲೂ ಅಪ್ಪ ಅಕ್ಕಿ ಹಿಟ್ಟಿನ ಹಾಗೆ ಬೆಳ್ಳಗಿದ್ದರು. ಮನೆಯ ಗೋಡೆ, ಕಪಾಟು, ಪೆಟ್ಟಿಗೆ ಎಲ್ಲ ಹುಡುಕಿದರೂ ಆ ಮನುಷ್ಯನ ನಿಜವಾದ ಮುಖ ಒಂದು ಚೂರೂ ಸಿಗಲಿಲ್ಲ. ಅವರು ಬೀದಿಯಲ್ಲಿ ಮಾತ್ರವಲ್ಲ, ಮನೆಯೊಳಗೂ ಯಾವತ್ತೋ ಕಾಣೆಯಾಗಿದ್ದರು.

ಆಗ ಮೇಷ್ಟ್ರು ತಮ್ಮ ಜನ್ಮದಲ್ಲಿ ಮಾಡದ ಕೆಲಸಕ್ಕೆ ಕೂತರು. ಸ್ಟುಡಿಯೋದ ಕಂಪ್ಯೂಟರ್ ಮುಂದೆ ಕೂತು ಟಚಿಂಗನ್ನು ಬಿಚ್ಚತೊಡಗಿದರು. ಕೋಟು ತೆಗೆದರು, ಟೈ ಬಿಚ್ಚಿದರು. ಕೂದಲನ್ನು ಕಿತ್ತರು. ಸುಕ್ಕುಗಳನ್ನು ಒಂದೊಂದಾಗಿ ಎಳೆದರು. ಹೆಂಡತಿ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ನರಹುಲಿಯ ಸರದಿ ಬಂತು. ಮೇಷ್ಟ್ರು ಅದನ್ನು ಮೂಗಿನ ಎಡಕ್ಕೆ ಇಟ್ಟರು. ದಿಟ್ಟಿಸಿದರು. ಬಲಕ್ಕೆ ಇಟ್ಟರು. ಮತ್ತೆ ಎಡಕ್ಕೆ ತಂದರು. ಕೈ ನಿಂತಿತು.

"ಯಾವ ಕಡೆ?" ಎಂದು ಕೇಳಿದರು, ತಲೆ ತಗ್ಗಿಸಿ.

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. "ದಿನಾ ಎದುರು ಬದುರು ಕೂತು ಊಟ ಮಾಡ್ತೀರಲ್ರೀ..." ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಲಗಡೆ. ಚಿಕ್ಕೋಳಿದ್ದಾಗ ಅಪ್ಪ ಎತ್ಕೊಂಡ್ರೆ ನಾನು ಅದನ್ನೇ ಹಿಡ್ಕೊಳ್ತಿದ್ದೆನಂತೆ. ನೋವಾದ್ರೂ ಬಿಡಿಸ್ಕೊಳ್ತಿರಲಿಲ್ಲವಂತೆ."

ಮೇಷ್ಟ್ರು ನರಹುಲಿಯನ್ನು ಬಲಗಡೆ ಇಟ್ಟರು. ಅವರಿಗೆ ನಾಚಿಕೆಯಾಗಿತ್ತು, ಅಳುವೂ ಬರುತ್ತಿತ್ತು.

ಅಷ್ಟರಲ್ಲಿ ವಿಷಯ ಬೀದಿಗೆ ತಿಳಿದಿತ್ತು. ಇಂಥ ಕೆಲಸದಲ್ಲಿ ನಾವು ಹಿಂದೆ ಬೀಳುವವರಲ್ಲ. ಸ್ಟುಡಿಯೋ ತುಂಬಿ ಕಿಟಕಿಯಲ್ಲೂ ತಲೆಗಳು ಕಂಡವು.

"ಕಿವಿ ಸಾಲದು ಮೇಷ್ಟ್ರೇ, ಇನ್ನೂ ಅಗಲ ಮಾಡಿ," ಎಂದಳು ಎದುರು ಮನೆಯಾಕೆ. "ಕೂದಲೂ ಹಾಕಿ ಒಳಗೆ, ಧಾರಾಳವಾಗಿ."

"ಮೆಳ್ಳೆಗಣ್ಣು ಎಡದ್ದು. ಅವರು ಹಾಲು ತಗೊಳ್ಳುವಾಗ ಎಡಗಣ್ಣು ನನ್ನ ಗಲ್ಲಾಪೆಟ್ಟಿಗೆ ಮೇಲೇ ಇರ್ತಿತ್ತು," ಎಂದ ಹಾಲಿನ ಅಂಗಡಿಯವನು.

"ಕುತ್ತಿಗೆ ಹತ್ತಿರ ಕೋಳಿಗೆ ಇರತ್ತಲ್ಲ, ಹಾಗೆ ಸ್ವಲ್ಪ ಜೋತುಬಿದ್ದಿತ್ತು," ಎಂದೆ ನಾನು. ಎಲ್ಲರೂ ಮೆಚ್ಚಿದರು.

ಹಿಂದಿನಿಂದ ಯಾರೋ ಜನರನ್ನು ಸರಿಸಿಕೊಂಡು ಬಂದರು. ಹಲ್ಲಿನ ಡಾಕ್ಟರು. ಜಗಳಕ್ಕೆ ಬಂದರು ಎಂದು ಮೇಷ್ಟ್ರು ಎದ್ದು ನಿಂತರು. ಡಾಕ್ಟರು ಕಂಪ್ಯೂಟರ್ ಪರದೆಯನ್ನು ನೋಡಿ, "ಮೇಲಿನ ಹಲ್ಲು ಎರಡೂ ಇಟ್ಟಿದೀರಲ್ರೀ! ಅವನ್ನ ಕಿತ್ತೋನು ನಾನೇ. ತೆಗೀರಿ. ಪಕ್ಕದ್ದು ಅರ್ಧ ಮುರಿದಿದೆ, ಸರಿಯಾಗಿ ನೋಡ್ಕೊಂಡು ಮಾಡಿ" ಎಂದು ಗದರಿಸಿ, ಸ್ಟೂಲು ಎಳೆದುಕೊಂಡು ಕೂತರು.

ಹೊತ್ತು ಮುಳುಗುವ ಮೊದಲು ಫೋಟೋ ಮುಗಿಯಿತು. ಪರದೆಯ ಮೇಲಿಂದ ಅಜ್ಜ ನಮ್ಮನ್ನೂ ನಮ್ಮ ಹಿಂದಿನವರನ್ನೂ ಒಟ್ಟಿಗೆ ನೋಡುತ್ತಿದ್ದರು. ಮಗಳು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಇವರೇ," ಎಂದಳು.

ಸಾಹೇಬರ ಫೋನು ಹತ್ತಲಿಲ್ಲ. ಈ ಸಲ ಠಾಣೆಗೇ ಹೋಗುವುದೆಂದಾಯಿತು. ಫೋಟೋದ ಶಾಯಿ ಆರುವ ಮೊದಲೇ ಮೇಷ್ಟ್ರು ಅದನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು ಹೊರಟರು. ಹಿಂದೆ ಹೆಂಡತಿ, ಅವಳ ಹಿಂದೆ ಡಾಕ್ಟರು, ಅವರ ಹಿಂದೆ ನಾವು.

ಠಾಣೆಯ ಮೆಟ್ಟಿಲಿನಿಂದ ಒಳಬಾಗಿಲವರೆಗೂ ಜನ ಅಚ್ಚುಕಟ್ಟಾಗಿ ಸಾಲುಗಟ್ಟಿ ನಿಂತಿದ್ದರು. ಮೇಷ್ಟ್ರಿಗೆ ಸಾಲು ಕಾಣಲಿಲ್ಲ. "ಸ್ವಲ್ಪ ಬಿಡಿ, ಜಾಗ ಬಿಡಿ" ಎನ್ನುತ್ತ ನುಗ್ಗಿದರು.

ಪೀ.... ಎಂದು ಕಿವಿ ತೂತಾಗುವ ಹಾಗೆ ಸೀಟಿ ಕೇಳಿಸಿತು.

ಮೆಟ್ಟಿಲ ಮೇಲೆ ಮಗಳ ಕಾಲುಗಳು ಅಲ್ಲೇ ನಿಂತವು.

"ಏ ನುಗ್ಗೋನೇ! ಅವಸರ ನಿನಗೊಬ್ಬನಿಗೇನಾ? ಲೈನಲ್ಲಿ ಬಾ! ಕೈಯಲ್ಲಿ ಏನದು, ಟಿಕೆಟ್ಟಾ? ತೋರಿಸು!" ಎನ್ನುತ್ತ ಅಜ್ಜ ಬಂದು ಮೇಷ್ಟ್ರ ಕೈಯಿಂದ ಫೋಟೋ ಕಸಿದುಕೊಂಡರು. ಕನ್ನಡಕವಿಲ್ಲದ ಕಣ್ಣಿಗೆ ಎದುರು ನಿಂತವನು ಯಾರೆಂದು ಕಾಣಲಿಲ್ಲ. ಫೋಟೋವನ್ನು ಮೂಗಿನ ಹತ್ತಿರಕ್ಕೆ ತಂದರು. ಕಾಗದದ ನರಹುಲಿ ನಿಜವಾದ ನರಹುಲಿಗೆ ತಗಲುವಷ್ಟು ಹತ್ತಿರ.

"ಅರೆ," ಎಂದರು. "ಇದು ನಾನಲ್ವಾ?"

ಫೋಟೋವನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು.

"ನಾನೇ! ಎಷ್ಟು ಚೆನ್ನಾಗಿ ಬಂದಿದೆ! ಯಾರಪ್ಪ ತೆಗೆದಿದ್ದು?"

"ಅಪ್ಪಾ!" ಎಂದು ಮಗಳು ಓಡಿಬಂದು ಅವರನ್ನು ಹಿಡಿದುಕೊಂಡಳು. ಬೆಂಚಿನ ಹತ್ತಿರ ನಿಂತಿದ್ದ ಪೇದೆ ತಲೆಯ ಮೇಲಿನ ಪೋಸ್ಟರನ್ನು ನೋಡಿದ, ಲೈನಜ್ಜನನ್ನು ನೋಡಿದ, ಟೋಪಿ ತೆಗೆದು ತಲೆ ಕೆರೆದುಕೊಂಡ.

"ಇಲ್ಯಾಕಪ್ಪ ಕೂತಿದ್ದೆ? ಮನೆಗೆ ಯಾಕೆ ಬರಲಿಲ್ಲ?" ಎಂದಳು ಮಗಳು.

ಅಜ್ಜ ಸೀಟಿಯನ್ನು ಜೇಬಿಗೆ ಹಾಕಿದರು. "ದೂರು ಕೊಡೋಕೆ ಬಂದೆ. ನನ್ನ ಮುಖ ಹೋಗಿದೆ, ಹುಡುಕಿಕೊಡಿ ಅಂತ. ಸಾಹೇಬ್ರು ಸಿಗಲಿಲ್ಲ. ಆಮೇಲೆ ಅನ್ಕೊಂಡೆ, ಕಾಣೆಯಾದೋರನ್ನ ಹುಡುಕೋರು ಮೊದಲು ಬರೋದು ಠಾಣೆಗೇ ತಾನೇ? ನೀನು ಬಂದೇ ಬರ್ತೀಯ, ಇಲ್ಲೇ ಇದ್ರೆ ನಿನಗೆ ಸುಲಭ ಆಗತ್ತೆ ಅಂತ ಕೂತೆ. ನಿನ್ನೆ ಬರಲಿಲ್ಲ. ಇವತ್ತೂ ಸಂಜೆಯಾಯ್ತು. ನನ್ನನ್ನ ಹುಡುಕೋಷ್ಟು ಯಾರಿಗೂ ಬೇಕಾಗಿಲ್ಲ ಅನ್ಕೊಂಡುಬಿಟ್ಟೆ ಕಣಮ್ಮ."

ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತರು. ಹೊಡೆದಾಟದವರ ಸಾಲಿನಲ್ಲಿದ್ದ ಒಬ್ಬ ಅವರಿಗೆ ತನ್ನ ಕರವಸ್ತ್ರ ಕೊಟ್ಟ. ಅಜ್ಜ ಅಳಿಯನ ಭುಜ ಮುಟ್ಟಿ ನೋಡಿ ಗುರುತು ಹಿಡಿದು, "ಲೈನು ನಿಂತುಹೋಯ್ತು, ಏಳಪ್ಪ, ಏಳು" ಎಂದರು.

ಇಲ್ಲಿಗೆ ಎಲ್ಲ ಸುಖಾಂತವಾಗಬೇಕಿತ್ತು. ಅಷ್ಟರಲ್ಲಿ ಸಾಹೇಬರು ಜೀಪಿನಲ್ಲಿ ಬಂದಿಳಿದರು. ವಿಷಯ ಕೇಳಿ ಸಂತೋಷಪಟ್ಟರು. ಆಮೇಲೆ ಪೋಸ್ಟರನ್ನೂ ಅಜ್ಜನನ್ನೂ ನೋಡಿ ಸಂತೋಷವನ್ನು ಹಿಂದಕ್ಕೆ ತೆಗೆದುಕೊಂಡರು.

"ಇವರು ಸಿಕ್ಕಿದ್ದು ಸರಿ. ಆದ್ರೆ ಇವರು ಕಳೆದುಹೋಗೇ ಇಲ್ವಲ್ಲ! ಕಳೆದುಹೋಗಿರೋದು ಅವರು," ಎಂದು ಪೋಸ್ಟರಿನ ಕಡೆ ಕೈ ತೋರಿಸಿದರು. "ಮೇಲಿನ ಕಚೇರಿಗೆ ಹೋಗಿರೋದು ಆ ಫೋಟೋ. ಇವರನ್ನ ತೋರಿಸಿ ಕೇಸು ಮುಚ್ಚಿದ್ರೆ ನನ್ನ ಬಡ್ತಿ ಗತಿಯೇನು?"

ಮೇಷ್ಟ್ರು ಎದ್ದರು. ಕಣ್ಣೊರೆಸಿಕೊಂಡು, ಇಡೀ ಠಾಣೆಗೆ ಕೇಳಿಸುವ ಹಾಗೆ, "ಸಾರ್, ಆ ಫೋಟೋ ಸುಳ್ಳು. ಆ ಫಲಕದಲ್ಲಿರೋದೆಲ್ಲಾ ಸುಳ್ಳು. ಒಂದೇ ಕುಟುಂಬ ಅಲ್ಲ ಸಾರ್, ಒಂದೇ ಟಚಿಂಗು. ನಾನೇ ಮಾಡಿದ್ದು. ನಿಮ್ಮ ಹೊಟ್ಟೆ ತೆಗೆದೋನೂ ನಾನೇ" ಎಂದರು. ಸಾಹೇಬರು ಸರಕ್ಕನೆ ಹೊಟ್ಟೆ ಒಳಗೆಳೆದುಕೊಂಡರು.

ಮರುದಿನದಿಂದ ಮೇಷ್ಟ್ರು ತಮ್ಮ ಕಂಪ್ಯೂಟರನ್ನು ಠಾಣೆಯ ಬೆಂಚಿಗೇ ತಂದು ಕೂತರು. ಫಲಕದಲ್ಲಿದ್ದವರ ಮನೆಯವರು ಬಂದು ಸುತ್ತ ಕೂತು ನೆನಪಿನಿಂದ ಹೇಳುತ್ತಿದ್ದರು. ನಮ್ಮಮ್ಮನ ಹುಬ್ಬಿನಲ್ಲಿ ಗಾಯದ ಗುರುತಿತ್ತು, ನಮ್ಮ ತಮ್ಮನ ತುಟಿ ಸೊಟ್ಟ. ಹೇಳುತ್ತ ಹೇಳುತ್ತ ಅಳುತ್ತಿದ್ದರು, ನಗುತ್ತಲೂ ಇದ್ದರು. ಅವರನ್ನು ಸಾಲಾಗಿ ಕಳಿಸುವ ಕೆಲಸವನ್ನು ಅಜ್ಜ ವಹಿಸಿಕೊಂಡರು. ಹೊಸ ಫೋಟೋಗಳು ಹೋದ ಮೇಲೆ ಅವರಲ್ಲಿ ಕೆಲವರು ಮನೆ ಸೇರಿದರು. ಎಲ್ಲರೂ ಸೇರಲಿಲ್ಲ.

ಅಜ್ಜನ ಪೋಸ್ಟರು ಮಾತ್ರ ಊರಿನ ಗೋಡೆಗಳ ಮೇಲೆ ಹಾಗೇ ಉಳಿಯಿತು. ಆ ಕೋಟಿನ ಮನುಷ್ಯನನ್ನು ಇಲಾಖೆ ಇನ್ನೂ ಹುಡುಕುತ್ತಿದೆ. ಪಿಂಚಣಿ ಗುಮಾಸ್ತರು ಹೊಸ ಫೋಟೋ ನೋಡಿ, "ಇದು ನೀವೇ, ಆದ್ರೆ ನಿಮ್ಮ ಮಗ ಯಾಕೆ ಬರಲಿಲ್ಲ?" ಎಂದು ಕೇಳಿದರಂತೆ.

ಈಗ ಸ್ಟುಡಿಯೋದ ಬಾಗಿಲಲ್ಲಿ, ಎಲ್ಲರಿಗೂ ಎದ್ದು ಕಾಣುವ ಜಾಗದಲ್ಲಿ, ಅಜ್ಜನ ಆ ಫೋಟೋ ಚೌಕಟ್ಟಿನಲ್ಲಿ ತೂಗುತ್ತಿದೆ. ಅದನ್ನು ತೂಗುಹಾಕಿದ ದಿನ ನಾನೂ ಅಲ್ಲಿದ್ದೆ. ಕನ್ನಡಕ ಹಾಕಿಕೊಂಡು ಅಜ್ಜ ಅದನ್ನು ಬಹಳ ಹೊತ್ತು ನೋಡಿದರು.

"ನರಹುಲಿ ಸ್ವಲ್ಪ ದೊಡ್ಡದಾಯ್ತೇನೋ," ಎಂದರು.

ಮೇಷ್ಟ್ರ ಕೈ ತಡೆಯಲಿಲ್ಲ, ಕಂಪ್ಯೂಟರ್ ಕಡೆಗೆ ಹೋಯಿತು. "ಒಂಚೂರು ಕಡಿಮೆ ಮಾಡ್ಲಾ ಮಾವ?"

ಅಜ್ಜ ಜೇಬಿನಿಂದ ಸೀಟಿ ತೆಗೆದು ಬಾಯಿಗಿಟ್ಟುಕೊಂಡರು. ಮೇಷ್ಟ್ರು ಕೈ ಹಿಂದಕ್ಕೆ ತೆಗೆದರು.

"ಬೇಡ," ಎಂದರು ಅಜ್ಜ. "ಇನ್ನೊಂದ್ಸಲ ಕಳೆದುಹೋದ್ರೆ ಇದನ್ನ ನೋಡ್ಕೊಂಡಾದ್ರೂ ಹುಡುಕ್ತೀರಿ."